ದೆಲ್ಮಿರಾಳ ಡಬ್ಬಿಯ ಚೀಟಿಗಳು

ಸೋಮವಾರ ಬೆಳಿಗ್ಗೆ ಎಂಟು ಹತ್ತಕ್ಕೆ ಕುಲಪತಿ ಕಚೇರಿಯ ಅಧಿಕಾರಿ ಬಾಸ್ಕೊಪೆ ಸಮಾಜಶಾಸ್ತ್ರ ವಿಭಾಗದ ಬಾಗಿಲು ತಟ್ಟಿದ. ಗುರುವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ಎರಡನೇ ಮಹಡಿಯ ಪ್ರಿಂಟರಿನಲ್ಲಿ 4417 ಎಂಬ ಸಂಖ್ಯೆ ಒತ್ತಿ ಯಾರೋ ಇನ್ನೂರ ಹದಿನಾಲ್ಕು ಹಾಳೆ ಮುದ್ರಿಸಿದ್ದರು. ಆ ಸಂಖ್ಯೆ ವಿಭಾಗದ ಗುಮಾಸ್ತೆ ದೆಲ್ಮಿರಾ ಆರ್ನೆಸ್‌ಳದು.

ಬಾಸ್ಕೊಪೆ ಕುಳಿತುಕೊಂಡು ಮೊದಲು ಅವಳ ತಾಯಿಯ ಮೊಣಕಾಲು ನೋವಿನ ಬಗ್ಗೆ ವಿಚಾರಿಸಿದ. ಆಮೇಲೆ ಕರಪತ್ರವೊಂದನ್ನು ಮೇಜಿನ ಮೇಲಿಟ್ಟ. ಸಾನ್ ತೆಲ್ಮೊ ವಿಶ್ವವಿದ್ಯಾಲಯದ ಹನ್ನೊಂದು ಹೆಕ್ಟೇರ್ ಜಮೀನು ಕುಲಪತಿಯ ಭಾವಮೈದುನನಿಗೆ ಯಾವ ಬೆಲೆಗೆ ಹೋಯಿತು, ದಾಖಲೆಗೆ ಯಾರು ಸಹಿ ಹಾಕಿದರು ಎಂಬುದು ಅದರಲ್ಲಿತ್ತು. ಬರೆದವರ ಹೆಸರಿರಲಿಲ್ಲ. ಶನಿವಾರ ಬೆಳಗಾಗುವಾಗ ಅದು ಎಲ್ಲ ಬೆಂಚುಗಳ ಮೇಲೂ ಬಿದ್ದಿತ್ತು. ಇದೇ ಜಮೀನಿನ ಬಗ್ಗೆ ಏಪ್ರಿಲ್‌ನಲ್ಲಿ ಸಭೆಯಲ್ಲಿ ಎದ್ದುನಿಂತು ಕೇಳಿದವನು ಗ್ರಂಥಾಲಯದ ಸೆವೆರೊ. ಅವನನ್ನು ಮಾತಾಡಲಿಕ್ಕೆಂದು ಕರೆದೊಯ್ದಿದ್ದರು. ಅವನ ಮೋಟಾರ್ ಸೈಕಲ್ ಈಗಲೂ ವಾಹನ ನಿಲ್ಲಿಸುವ ಜಾಗದ ಮೂಲೆಯಲ್ಲಿ ಧೂಳು ಹಿಡಿದು ನಿಂತಿದೆ.

ದೆಲ್ಮಿರಾ ಇದ್ದುದನ್ನು ಇದ್ದಂತೆ ಹೇಳಿದಳು. ಪ್ರತಿಯೊಬ್ಬರಿಗೂ ತಿಂಗಳಿಗೆ ನೂರು ಹಾಳೆ ಉಚಿತ, ಆಮೇಲೆ ಹಾಳೆಗೆ ಇಪ್ಪತ್ತು ಸೆಂತಾವೊ ಸಂಬಳದಲ್ಲಿ ಕಡಿತ ಎಂಬ ನಿಯಮ ಬಂದ ದಿನದಿಂದ, ನೂರು ಮುಗಿದವರೆಲ್ಲ ಸಂಬಳದ ಪಟ್ಟಿಯಲ್ಲಿ ತಮ್ಮ ಹೆಸರಿಗೆ ಕಡಿತ ಬೀಳದಿರಲೆಂದು ಅವಳ ಸಂಖ್ಯೆಯನ್ನೇ ಒತ್ತಿ, ಹಣವನ್ನು ಅವಳಿಗೆ ತುಂಬಿಕೊಡುತ್ತಿದ್ದರು. ಕಾಗದದ ಟ್ರೇ ಪಕ್ಕದಲ್ಲಿ ಒಂದು ಕಾಫಿ ಡಬ್ಬಿ. ಅದರಲ್ಲಿ ಚಿಲ್ಲರೆ, ಜೊತೆಗೆ ಹೆಸರು ಮತ್ತು ಹಾಳೆಯ ಲೆಕ್ಕ ಬರೆದ ಚೀಟಿ. ಮೂರು ವರ್ಷದಲ್ಲಿ ಒಂದು ನಾಣ್ಯವೂ ಕಡಿಮೆ ಬಿದ್ದಿರಲಿಲ್ಲ.

"ನನ್ನ ನಂಬರ್ ಅಂದ್ರೆ ಬೀದಿ ನಲ್ಲಿ ಇದ್ದ ಹಾಗೆ ಸ್ವಾಮಿ. ಯಾರು ಬಂದು ಕೊಡ ಇಟ್ರು ಅಂತ ನಾನು ಹೇಗೆ ಹೇಳ್ಲಿ?"

"ಚೀಟಿ ಹೇಳುತ್ತಲ್ಲ, ದೋನ್ಯಾ ದೆಲ್ಮಿರಾ," ಎಂದ ಬಾಸ್ಕೊಪೆ, ಅಮ್ಮಾವರೇ ಎನ್ನುವ ಗೌರವದ ದನಿಯಲ್ಲಿ.

ಅವಳು ಡಬ್ಬಿ ತಂದು ಮೇಜಿನ ಮೇಲೆ ಬೋರಲು ಹಾಕಿದಳು. ಎರಡು ನಾಣ್ಯ, ಒಂದು ಗುಂಡುಪಿನ್ನು ಬಿದ್ದವು.

ಡಬ್ಬಿಯಲ್ಲಿ ಚೀಟಿ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಪ್ರತಿ ಶುಕ್ರವಾರ ಮಧ್ಯಾಹ್ನ ಆಕೆ ವಾರದ ಚೀಟಿಗಳನ್ನೆಲ್ಲ ಪ್ರಿಂಟರಿನ ಗಾಜಿನ ಮೇಲೆ ಹರಡಿ ಒಂದೇ ಹಾಳೆಗೆ ನಕಲು ತೆಗೆದು ಕಡತಕ್ಕೆ ಸೇರಿಸಿ, ಚಿಲ್ಲರೆ ಎತ್ತಿಕೊಂಡು, ಚೀಟಿಗಳನ್ನು ಹರಿದು ಹಾಕುತ್ತಿದ್ದಳು. ಈ ಸಲದ ಚೀಟಿಗಳಲ್ಲಿ ಮೂರನೆಯದು ರೋಹೆರ್ ಕನೆದೊ ಎಂಬ ಕಿರಿಯ ಅಧ್ಯಾಪಕನದು: 214 ಹಾಳೆ, ನಲವತ್ತೆರಡು ಬೊಲಿವಿಯಾನೊ ಎಂಬತ್ತು ಸೆಂತಾವೊ. ಕದ್ದುಮುಚ್ಚಿ ಕರಪತ್ರ ಮುದ್ರಿಸಿದವನು, ದೆಲ್ಮಿರಾಳ ಡಬ್ಬಿಗೆ ಮೋಸ ಮಾಡಲು ಮನಸ್ಸು ಬಾರದೆ ಹೆಸರು ಬರೆದಿಟ್ಟಿದ್ದ. ಶನಿವಾರ ಕರಪತ್ರ ಕೈಗೆ ಬಂದಾಗಲೇ ಅವಳಿಗೆ ಆ ಅಂಕಿಯ ಅರ್ಥ ಹೊಳೆದದ್ದು. ನಕಲಿನ ಹಾಳೆಯನ್ನು ಮನೆಗೊಯ್ದು ಗ್ಯಾಸ್ ಒಲೆಯ ಮೇಲೆ ಸುಟ್ಟು, ಬೂದಿಯ ಮೇಲೆ ನೀರು ಬಿಟ್ಟಿದ್ದಳು.

ರೋಹೆರನಿಗೆ ಹತ್ತು ಗಂಟೆಗೆ ತರಗತಿ ಇತ್ತು. ಅವಳ ಕೈ ಫೋನಿನ ಕಡೆ ಹೋಯಿತು.

"ಅದು ಅಲ್ಲೇ ಇರ್ಲಿ," ಎಂದ ಬಾಸ್ಕೊಪೆ ಮೃದುವಾಗಿ. ಅವಳ ನಕಲುಗಳ ಕಡತದ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ; ಅವನು ಅದನ್ನು ತರಿಸಿ ಹಾಳೆ ತಿರುವಿದ. ಕಳೆದ ವಾರದ್ದು ಇರಲಿಲ್ಲ. ಅವನು ತಾಂತ್ರಿಕ ವಿಭಾಗದ ಓವಿದಿಯೊನನ್ನು ಕರೆಸಿದ.

ಪ್ರಿಂಟರ್ ಕೂರಿಸಿದವನು ಓವಿದಿಯೊನೇ. ಇದು ಹಾಳೆ ಎಣಿಸುತ್ತದೆ, ಬೇರೇನೂ ನೋಡುವುದಿಲ್ಲ ಎಂದು ಅಂದು ಎಲ್ಲರೆದುರು ಹೇಳಿದ್ದವನೂ ಅವನೇ. ಈಗ ಅವನು ಲ್ಯಾಪ್‌ಟಾಪ್ ತೆರೆದು ಅದರತ್ತಲೇ ಮುಖ ಮಾಡಿ ಕುಳಿತ.

"ಗಾಜಿನ ಮೇಲೆ ಇಟ್ಟಿದ್ದೆಲ್ಲದರ ಚಿತ್ರ ಅದ್ರೊಳಗೆ ಉಳಿಯುತ್ತಾ, ಇಂಜಿನಿಯರೇ?" ಬಾಸ್ಕೊಪೆ ಕೇಳಿದ.

"ತೊಂಬತ್ತು ದಿನ ಉಳಿಯುತ್ತೆ."

"ಎಣಿಸುತ್ತೆ ಅಷ್ಟೇ ಅಂದಿದ್ಯಲ್ಲಪ್ಪ," ಎಂದಳು ದೆಲ್ಮಿರಾ.

"ನನಗೆ ಹಾಗೆ ಹೇಳು ಅಂದಿದ್ರು, ದೋನ್ಯಾ."

ಶುಕ್ರವಾರ ಹನ್ನೆರಡು ಐದರ ಚಿತ್ರವನ್ನು ಬಾಸ್ಕೊಪೆ ಕಾಗದದ ಮೇಲೆ ಕೇಳಿದ, ಎರಡು ಪ್ರತಿ. ಓವಿದಿಯೊನ ಬೆರಳು ಗುಂಡಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆ ಹಾಳೆಯ ಕೊನೆಯ ಚೀಟಿ ಅವನದೇ: ಮಗಳ ಶಾಲೆಯ ಪಾಠ, ಆರು ಹಾಳೆ. ಆಮೇಲೆ ಒತ್ತಿದ. ಹೊರಗೆ ಮೊಗಸಾಲೆಯಲ್ಲಿ ಯಂತ್ರ ಎಚ್ಚೆತ್ತು ಗುರುಗುಟ್ಟಿತು.

ಬಾಸ್ಕೊಪೆ ಎರಡೂ ಹಾಳೆಗಳನ್ನು ಮಡಚಿ ಜೇಬಿಗಿಟ್ಟು, ತಾಯಿಗೆ ನಮಸ್ಕಾರ ತಿಳಿಸಿ ಎಂದು ಹೇಳಿ ಎದ್ದ. ಅವಳ ಫೋನನ್ನೂ ತೆಗೆದುಕೊಂಡ. ಆಗ ಒಂಬತ್ತು ಇಪ್ಪತ್ತು. ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿ ಹೋದ.

ರೋಹೆರನ ಹತ್ತು ಗಂಟೆಯ ತರಗತಿಯಲ್ಲಿ ನಲವತ್ತಮೂರು ವಿದ್ಯಾರ್ಥಿಗಳು ಹತ್ತೂ ನಲವತ್ತರವರೆಗೆ ಕಾದು ಕುಳಿತಿದ್ದರು. ಆಮೇಲೆ ಸಾಲ್ತೇನ್ಯಾ ಕಡುಬು ತಿನ್ನಲು ಕೆಳಗಿಳಿದು ಹೋದರು.