ಒಂದು ಜೋಡಿ ಶಾಕ್ ಅಬ್ಸಾರ್ಬರ್

ಈ ನಿಂಬೆಹಣ್ಣನ್ನು ಇವತ್ತೇ ಕಟ್ಟಿದ್ದಾರೆ, ಸಿಪ್ಪೆ ಇನ್ನೂ ಮಿರಿಮಿರಿ ಅನ್ನುತ್ತಿದೆ, ಕೆಳಗೊಂದಿಷ್ಟು ಹಸಿಮೆಣಸಿನಕಾಯಿ, ಸ್ವಲ್ಪ ಎತ್ತರದವಳಾಗಿದ್ದರೆ ನನ್ನ ಹಣೆಗೇ ತಗುಲುತ್ತಿತ್ತು, ನಂದೀಶನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ದೃಷ್ಟಿಯಾಗದಿರಲಿ ಅಂತ, ಜೆ.ಸಿ. ರಸ್ತೆಯ ಈ ಗ್ರೀಸಿಗೂ ಧೂಳಿಗೂ ಯಾರು ದೃಷ್ಟಿ ಹಾಕುತ್ತಾರೋ — ಒಂದ್ನಿಮಿಷ ಮೇಡಂ, ಇವ್ರನ್ನ ಕಳಿಸ್ಬಿಟ್ಟು ಬಂದೆ — ಕಳಿಸಪ್ಪ, ನಾನು ನಿಂತಿರುತ್ತೇನೆ, ನಿಲ್ಲುವುದು ನನಗೂ ನನ್ನ ಕಾರಿಗೂ ಚೆನ್ನಾಗಿ ಅಭ್ಯಾಸವಾಗಿದೆ, ಅದು ಬಸವನಗುಡಿಯ ಮನೆಯ ಓಣಿಯಂಥ ಕಾಂಪೌಂಡಿನಲ್ಲಿ ಎಲ್ಲಕ್ಕಿಂತ ಹಿಂದೆ, ಅದರ ಮೂತಿಗೆ ಗಂಡನ ಕಾರಿನ ಬೆನ್ನು, ನನ್ನದು ಕೆಂಪು ಸ್ಪೋರ್ಟ್ಸ್ ಸೆಡಾನ್, ಮದುವೆಗೆ ಮುಂಚೆ ನನ್ನ ಸಂಬಳದಲ್ಲಿ ಕೊಂಡದ್ದು, ಕನ್ನಡ ಪಾಠ ಮಾಡುವ ಆರಾಧನಾ ಮೇಡಂ ಇಂಥಾ ಗಾಡೀನ ಓಡಿಸ್ತಾರಾ ಅಂತ ಹುಡುಗರು ಕಾಲೇಜಿನ ಗೇಟಿನಲ್ಲಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು, ಓಡಿಸುತ್ತಿದ್ದೆ ಕಣ್ರೋ, ಎಷ್ಟು ಚೆನ್ನಾಗಿ ಓಡಿಸುತ್ತಿದ್ದೆ, ಮಲ್ಲೇಶ್ವರದ ಆ ಒಂದು ಹಾಳು ಗುಂಡಿ ಸಿಗುವವರೆಗೆ. ಮೆಕ್ಯಾನಿಕ್ ಮರಿಯಣ್ಣ ಬಂದು ಜಾಕ್ ಹಾಕಿ, ಅಂಗಾತ ಮಲಗಿ ಟಾರ್ಚ್ ಬಿಟ್ಟು ನೋಡಿದ, ಇಂಜಿನ್ ಕಲ್ಲುಗುಂಡಿನಂಗಿದೆ ಅಕ್ಕ, ಮುಂದಿಂದು ಎರಡು ಶಾಕ್ ಅಬ್ಸಾರ್ಬರ್ ಹೋಗಿದೆ, ಹಿಂಗೇ ರೋಡಿಗಿಳಿಸ್ಬೇಡಿ, ಜೋಡೀನೇ ಹಾಕ್ಬೇಕು, ತಂದ್ಕೊಡಿ, ಅರ್ಧ ದಿನದ ಕೆಲ್ಸ ಅಂದ. ಅರ್ಧ ದಿನದ ಕೆಲಸಕ್ಕೆ ಒಂದು ವರ್ಷದಿಂದ ಅಲೆಯುತ್ತಿದ್ದೇನೆ, ಈ ಮಾಡಲ್ ನಿಂತುಹೋಗಿ ಕಾಲವಾಯಿತು, ಕಲಾಸಿಪಾಳ್ಯದಲ್ಲಿಲ್ಲ, ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಜೋಡಿಯಿಂದ ಎಣ್ಣೆ ಸೋರುತ್ತಿತ್ತು, ಈಗ ಗಾಡಿಗೆ ಹದಿನೈದು ವರ್ಷ ತುಂಬಿದೆ, ತಿಂಗಳು ಮುಗಿಯುವುದರೊಳಗೆ ಅದು ತನ್ನ ಚಕ್ರದ ಮೇಲೆ ತಾನೇ ಓಡಿಕೊಂಡು ಮರುನೋಂದಣಿಗೆ ಆರ್‌ಟಿಓ ಮುಂದೆ ನಿಲ್ಲಬೇಕು, ನಿಲ್ಲದಿದ್ದರೆ ಗುಜರಿಗೆ ಹಾಕ್ಬಿಡೋಣ ಬಿಡು ಅಂತ ಮನೆಯಲ್ಲಿ ಮಾತಾಗಿದೆ, ಮಾತಾಡಿದವರು ಮೂರು ಜನ, ಹೂಂ ಅಂದವರು ಇಬ್ಬರು.

ಹಾರ್ನ್, ನನ್ನ ಗಂಡನದ್ದೇ, ಎರಡು ಸಲ ಮೆತ್ತಗೆ, ಸಂಕರ್ಷಣ ಹಾರ್ನನ್ನೂ ಮರ್ಯಾದೆಯಿಂದ ಹೊಡೆಯುವವರು, ಎದುರಿಗೆ ಅಡ್ಡ ನಿಲ್ಲಿಸಿಕೊಂಡು ಕೂತಿದ್ದಾರೆ, ಪಾರ್ಕಿಂಗಿಗೆ ಜಾಗವಿಲ್ಲ, ಇದ್ದಿದ್ದರೆ ಜೊತೆಗೇ ಬಂದಿರುತ್ತಿದ್ದರು, ಎಲ್ಲಾ ಅಂಗಡಿಗೂ ಬಂದಿದ್ದಾರೆ ಪಾಪ, ಇದೊಂದಕ್ಕೆ ಮಾತ್ರ ಮತ್ತೆ ಬರಲು ಮನಸ್ಸಿರಲಿಲ್ಲ, ಅಲ್ಲಿಗ್ಯಾಕೆ, ಬಂದ್ರೆ ಅವನೇ ಫೋನ್ ಮಾಡ್ತಾನಲ್ಲ, ಅಂದರು, ಸಿಗ್ನಲ್ಲಿನಲ್ಲಿ ನಾನೇ ಬಾಗಿಲು ತೆಗೆದು ಇಳಿದುಬಿಟ್ಟೆ. ಏ, ಇರು, ನಾನೂ ಬರ್ತೀನಿ. ಬರುತ್ತಾರೆ, ಎಲ್ಲಿಗೆ ಬರುವುದಿಲ್ಲ, ಬೆಳಿಗ್ಗೆ ಕಾಲೇಜಿಗೆ ಬಿಡುತ್ತಾರೆ, ಸಂಜೆ ಗಂಟೆ ಹೊಡೆಯುವ ಮೊದಲೇ ಗೇಟಿನಲ್ಲಿರುತ್ತಾರೆ, ಮೆಟ್ರೋದಲ್ಲಿ ಬರ್ತೀನಿ ರೀ ಅಂದರೆ ನೂಕಾಟ ಕಣೇ, ಆಟೋ ಅಂದರೆ ಧೂಳು, ನಾನಿದೀನಲ್ಲ — ಸ್ಟಾಫ್ ರೂಮಿನಲ್ಲಿ ಎಲ್ಲರೂ ಪುಣ್ಯ ಮಾಡಿದ್ರಿ ಆರಾಧನಾ ಅನ್ನುತ್ತಾರೆ, ಮಾಡಿದ್ದೆ, ಯಾವ ಜನ್ಮದಲ್ಲೋ. ಮೊದಲು ಸ್ಯಾಂಕಿ ಕೆರೆಯ ಪಕ್ಕ ನನ್ನ ಕಾರು ನಿಲ್ಲಿಸಿ, ಗಾಜು ಇಳಿಸಿ, ಸುಮ್ಮನೆ ಕೂರುತ್ತಿದ್ದೆನಲ್ಲ, ಅದನ್ನು ಯಾರಿಗೂ ಹೇಳಲಿಲ್ಲ, ಹೇಳುವಂಥದ್ದೇನೂ ಇರಲಿಲ್ಲ, ಯಾರನ್ನೂ ನೋಡುತ್ತಿರಲಿಲ್ಲ, ಯಾಕೆ ಲೇಟು ಅಂದರೆ ಟ್ರಾಫಿಕ್ ಅನ್ನುತ್ತಿದ್ದೆ, ನಾನೆಲ್ಲಿದ್ದೇನೆ ಅಂತ ಯಾರಿಗೂ ಗೊತ್ತಿಲ್ಲದ ಅಷ್ಟು ಹೊತ್ತು, ಅಷ್ಟೇ ಬೇಕು ನನಗೆ, ದೇವರಾಣೆಗೂ ಅಷ್ಟೇ. ಆಯುಧಪೂಜೆಯ ದಿನ ಅತ್ತೆ ಕಾವೇರಮ್ಮ ತಟ್ಟೆ ಹಿಡಿದುಕೊಂಡು ಬಂದು, ಓಡದೇ ಇರೋ ಗಾಡಿಗೆ ಎಂಥಾ ಪೂಜೇನೋ ಅಂದರು, ಇರ್ಲಿ ಬಿಡಮ್ಮ, ಅಂತ ಇವರೇ ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಿನಲ್ಲಿ ಕೂತು ಮುಂದಿನ ಚಕ್ರದಡಿ ನಿಂಬೆಹಣ್ಣಿಟ್ಟರು, ಉರುಳಿಹೋಗದ ಹಾಗೆ ಹೆಬ್ಬೆರಳಿನಿಂದ ಒತ್ತಿ ಟೈರಿಗೆ ತಾಗಿಸಿ, ರಿಪೇರಿ ಆದ್ಮೇಲೆ ಇವಳೇ ಹತ್ತಿಸ್ಲಿ, ಅಲ್ಲೀತನಕ ಯಾರೂ ತೆಗೀಬೇಡಿ — ನನ್ನ ಕಣ್ಣು ತುಂಬಿ ಬಂತು, ಎಂಥಾ ಪೆದ್ದಿ, ಊಟಕ್ಕೆ ಕೂತಾಗ ಅವರ ಎಲೆಗೆ ಒಂದು ಹೋಳಿಗೆ ಜಾಸ್ತಿ ಹಾಕಿದೆ. ಅವರ ಕಾರಿನಡಿಯ ಹಣ್ಣು ಅವತ್ತೇ ಪಚಕ್ ಅಂತು, ನನ್ನದು ಅಲ್ಲೇ ಕೂತಿದೆ, ಹಳದಿ ಹೋಗಿ ಕಂದಾಗಿ, ಗೋಲಿಯ ಹಾಗೆ ಗಟ್ಟಿಯಾಗಿ, ಕೆಲಸದ ಮುನಿಯಕ್ಕ ದಿನಾ ಅದರ ಸುತ್ತ ಗುಡಿಸುತ್ತಾಳೆ.

ಹೇಳಿ ಮೇಡಂ, ಅಂತ ನಂದೀಶ್ ಕೈ ಒರೆಸಿಕೊಂಡು ಬರುತ್ತಾನೆ, ನಾನು ಕಾರಿನ ಹೆಸರು ಹೇಳುತ್ತೇನೆ, ಮುಂದಿನ ಜೋಡಿ, ಈ ತಿಂಗಳೊಳಗೆ ಹೇಗಾದರೂ, ಅವನು ನನ್ನ ಮುಖ ನೋಡುತ್ತಾನೆ, ಅದು ಬಂದಿತ್ತಲ್ಲ ಮೇಡಂ. ಏನು ಬಂದಿತ್ತು. ಅದೇ, ಜೋಡಿ, ಒಳ್ಳೇ ಕಂಡೀಶನ್ನು, ಡೆಲ್ಲಿಯಿಂದ ತರ್ಸಿದ್ದೆ, ಸಾರ್‌ಗೆ ಫೋನ್ ಮಾಡಿದ್ನಲ್ಲ, ಬೇಡಪ್ಪ, ಗಾಡಿ ಕೊಟ್ಬಿಡ್ತಿದೀವಿ, ಬೇರೆಯವ್ರಿಗೆ ಹಾಕ್ಬಿಡು ಅಂದ್ರು, ಮೈಸೂರಿನವ್ರು ತಗೊಂಡ್ಹೋದ್ರು — ಸಾರ್‌ಗೆ, ಹೌದು, ಸಾರ್‌ಗೆ, ನಂಬರ್ ಕೊಟ್ಟವಳು ನಾನೇ ಅಲ್ಲವೆ, ಕ್ಲಾಸಿನಲ್ಲಿದ್ದರೆ ಫೋನ್ ಎತ್ತೋಕಾಗಲ್ಲ ಇವರದ್ದು ಬರ್ಕೊಳ್ಳಿ ಅಂದೆ, ಇದೇ ಕಟ್ಟೆಗೆ ಒರಗಿಕೊಂಡು, ಎಷ್ಟು ಹಗುರವಾಗಿ ಅಂದೆ, ಗ್ಯಾಸಿಗೆ, ಬ್ಯಾಂಕಿಗೆ, ಡಾಕ್ಟರಿಗೆ ಎಲ್ಲಾ ಕಡೆ ಅವರ ನಂಬರೇ, ಅಭ್ಯಾಸದಲ್ಲಿ ಬಾಯಿಗೆ ಬಂದುಬಿಡುತ್ತದೆ. ಇನ್ನೊಂದು ಜೋಡಿ ಸಿಗುತ್ತಾ ನಂದೀಶ್? ಕಷ್ಟ ಮೇಡಂ, ಅದೇ ಸಿಕ್ಕಿದ್ದು ನಿಮ್ ಅದೃಷ್ಟ. ಯಾವಾಗ ಬಂದಿತ್ತು ಅಂತ ಕೇಳುತ್ತೇನೆ, ಯಾಕೆ ಕೇಳುತ್ತೇನೋ, ಕೇಳಬಾರದಿತ್ತು — ದಸರಾಗೆ ಮುಂಚೇನೇ ಮೇಡಂ, ಹಬ್ಬದ ಪೂಜೆಗೆ ಅಂಗಡಿ ಒಳಗಿನ ಮಾಲೆಲ್ಲಾ ಖಾಲಿ ಮಾಡ್ತಿದ್ನಲ್ಲ, ಆವಾಗ್ಲೇ ಕೊಟ್ಬಿಟ್ಟೆ.

ದಸರೆಗೆ ಮುಂಚೆ. ಆಯುಧಪೂಜೆಗೂ ಮುಂಚೆ. ಹಾರ್ನ್ ಮೂರು ಸಲ, ಫೋನೂ ಬರುತ್ತಿದೆ, ಬಾ, ಪೊಲೀಸ್ ಬರ್ತಿದಾನೆ — ಕಾಲು ನನ್ನದೇ, ಅದು ಆ ಕಾರಿನ ಕಡೆಗೇ ಹೋಗುತ್ತದೆ, ಬೇರೆ ಕಡೆ ಹೋಗುವುದು ಅದಕ್ಕೆ ಮರೆತೇ ಹೋಗಿದೆ, ಬಗ್ಗಿ ಬಾಗಿಲು ತೆಗೆಯುತ್ತಾರೆ, ಸೀಟಿನ ಮೇಲಿನ ಪೇಪರ್ ಎತ್ತಿ ಜಾಗ ಮಾಡುತ್ತಾರೆ, ಸಿಕ್ತಾ? ಸಿಕ್ಕಲಿಲ್ಲ, ಅನ್ನುತ್ತದೆ ನನ್ನ ಬಾಯಿ. ಹೋಗ್ಲಿ ಬಿಡು, ಇನ್ನೆಲ್ಲಾದ್ರೂ ಹುಡುಕೋಣ, ಬೆಲ್ಟ್ ಹಾಕ್ಕೋ. ಹೊಡೆದರೆ ಹೇಳಿಕೊಳ್ಳಬಹುದು, ಕುಡಿದು ಬಂದರೆ ಅಮ್ಮನ ಮುಂದೆ ಅಳಬಹುದು, ದಿನಾ ಎಸಿ ಹಾಕಿ ಕಾರಿನಲ್ಲಿ ಬಿಟ್ಟುಬರುತ್ತಾರೆ ಅಂತ ಯಾರ ಮುಂದೆ ದೂರಲಿ, ನಕ್ಕುಬಿಡುತ್ತಾರೆ, ನಿಂಗೆ ಕೊಬ್ಬು ಕಣೇ ಅನ್ನುತ್ತಾರೆ, ಗಾಡಿ ಹೊರಡುತ್ತದೆ, ನಾಲ್ಕು ಬಾಗಿಲಿನ ಲಾಕೂ ತಾನಾಗಿ ಟಕ್ ಅಂತ ಬೀಳುತ್ತದೆ, ಕಾಫಿ ಕುಡಿಯೋಣ್ವಾ ಗಾಂಧಿಬಜಾರಲ್ಲಿ ಅಂತ ಕೇಳುತ್ತಿದ್ದಾರೆ, ಸ್ಟೀರಿಂಗಿನ ಮೇಲೆ ಅವರ ಹೆಬ್ಬೆರಳು, ಉಗುರು ನೀಟಾಗಿ ಕತ್ತರಿಸಿದ್ದು, ಇದೇ ಬೆರಳು, ಗೊತ್ತಿತ್ತು ಅದಕ್ಕೆ, ಕುಕ್ಕರುಗಾಲಿನಲ್ಲಿ ಕೂತಾಗ ಗೊತ್ತಿತ್ತು, ಇವಳೇ ಹತ್ತಿಸ್ಲಿ ಅಂದಾಗ ಗೊತ್ತಿತ್ತು, ಆ ನಿಂಬೆಹಣ್ಣು, ಓಡದ ಚಕ್ರದಡಿ, ಉರುಳಿಹೋಗದ ಹಾಗೆ ಒತ್ತಿ, ಸರಿಯಾಗಿ ಕೂತಿತಾ ಅಂತ ನೋಡಿ, ಇನ್ನೊಂದು ಸಲ ಒತ್ತಿ —