ಎರಡು ಹಿತ್ತಾಳೆ ಜೆಟ್ಟು

ಕಾಂತರಾಜ್‌ಗೆ ಸುಸ್ತಾಗಿತ್ತು. ಒಂದು ದಿನದ ಸುಸ್ತಲ್ಲ ಅದು, ಮೂವತ್ತೊಂದು ವರ್ಷ ಕಾರಿನ ಕೆಳಗೆ ಅಂಗಾತ ಮಲಗಿ ಎದ್ದವನ ಸುಸ್ತು. ಕೃಷ್ಣರಾಜನಗರದಲ್ಲಿ ಮನೆಗೆ ಅಂಟಿಕೊಂಡಿದ್ದ ಅವನ ಗ್ಯಾರೇಜಿಗೆ ಒಂದು ಕಾಲದಲ್ಲಿ ಸಾಲಿಗ್ರಾಮದಿಂದ, ಹುಣಸೂರಿನಿಂದೆಲ್ಲ ಜನ ಹುಡುಕಿಕೊಂಡು ಬರುತ್ತಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಕಾಯಿಲೆ ಹೇಳುತ್ತಿದ್ದ ಮನುಷ್ಯ. ಈಗ ಬರುವ ಗಾಡಿಗಳಿಗೆಲ್ಲ ಪೆಟ್ರೋಲು ಚಿಮ್ಮಿಸುವ ಇಂಜೆಕ್ಷನ್ನು, ಕಂಪ್ಯೂಟರು. ಅವುಗಳ ಮುಂದೆ ಅವನ ಕಿವಿಗೆ ಕೆಲಸವಿರಲಿಲ್ಲ. ಬೀಗ ಹಾಕಿ ಮನೆಯಲ್ಲಿ ಕಾಲು ಚಾಚಿಕೊಂಡು ಕೂರೋಣ ಅಂದರೆ ಮಗಳು ಬಿಡಬೇಕಲ್ಲ.

ಮಗಳು ಶಿವಾನಿ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿದ್ದಳು. ಅವಳ ಸೋದರಮಾವ ವಿರೂಪಾಕ್ಷ ಮೈಸೂರಿನ ಕಾರ್ ಷೋರೂಮೊಂದರಲ್ಲಿ ಕೆಲಸ ನೋಡಿಟ್ಟಿದ್ದ. ತಣ್ಣನೆಯ ರೂಮು, ಇಸ್ತ್ರಿ ಮಾಡಿದ ಅಂಗಿ, ಉಗುರಿಗೆ ಗ್ರೀಸು ಸೇರುವುದಿಲ್ಲ. ಕಾಂತರಾಜ್‌ಗೆ ಬೇಕಾಗಿದ್ದೂ ಅದೇ. ಅವಳು ಮಾತ್ರ ಒಂದು ಕರಾರು ಹಾಕಿದ್ದಳು.

"ನನ್ ಕಾರು ಒಂದ್ಸಲ ಗ್ಯಾಸಲ್ಲಿ ಸರ್ಯಾಗಿ ಓಡ್ಲಿ ಅಪ್ಪಾಜಿ. ಓಡುದ್ರೆ ಗ್ಯಾರೇಜು ನಾನ್ ನಡುಸ್ತೀನಿ. ಓಡ್ಲಿಲ್ವಾ, ಸೋಮವಾರಾನೇ ಷೋರೂಮು."

ಗ್ಯಾಸು ಅಂದರೆ ನೈಟ್ರಸ್ ಆಕ್ಸೈಡು, ಆಪರೇಷನ್ನಿಗೆ ಮೊದಲು ರೋಗಿಗೆ ಕೊಡುವ ಮಂಪರಿನ ಗಾಳಿ. ಅದನ್ನೇ ಇಂಜಿನ್ನಿಗೆ ಉಸಿರಾಡಿಸಿದರೆ ಮಂಪರಾಗುವುದಿರಲಿ, ಮೈಮೇಲೆ ದೇವರು ಬಂದ ಹಾಗೆ ಎಗರುತ್ತದೆ. ಆದರೆ ಗ್ಯಾಸು ಹೋದಷ್ಟಕ್ಕೂ ತಕ್ಕಷ್ಟು ಪೆಟ್ರೋಲು ಜೊತೆಯಲ್ಲೇ ಹೋಗಬೇಕು. ಕಡಿಮೆಯಾಯಿತೋ, ಒಳಗಿನ ಬೆಂಕಿ ಮಿತಿಮೀರಿ ಪಿಸ್ಟನ್ನೇ ಕರಗುತ್ತದೆ. ಈ ಅಳತೆಯೆಲ್ಲ ಇರುವುದು ಎರಡು ಹಿತ್ತಾಳೆ ಜೆಟ್ಟುಗಳಲ್ಲಿ. ಒಂದು ಗ್ಯಾಸಿಗೆ, ಒಂದು ಪೆಟ್ರೋಲಿಗೆ. ಅವರೆಕಾಳಿಗಿಂತ ಚಿಕ್ಕವು, ನಡುವಿನ ತೂತು ಸೂಜಿಯ ಮೊನೆಯಷ್ಟು. ಯಾವ ತೂತು ಎಷ್ಟಿರಬೇಕೆಂದು ಶಿವಾನಿ ಒಂದು ನೋಟ್‌ಬುಕ್ ಪೂರ್ತಿ ಲೆಕ್ಕ ಮಾಡಿದ್ದಳು. ಗುಜರಿಯಿಂದ ಎಳೆದು ತಂದ ಹಳೆಯ ಇಂಜೆಕ್ಷನ್ ಕಾರು, ಕೊಯಮತ್ತೂರಿನಿಂದ ತರಿಸಿದ ಗ್ಯಾಸ್ ಸಿಲಿಂಡರು, ಎಂಟು ತಿಂಗಳ ಮೈಮುರಿಯುವ ದುಡಿಮೆ.

ಆಯುಧಪೂಜೆಯ ದಿನ ಕಾಂತರಾಜ್ ಸ್ಪ್ಯಾನರುಗಳನ್ನೆಲ್ಲ ತೊಳೆದು ಮಣೆಯ ಮೇಲೆ ಸಾಲಾಗಿಟ್ಟು, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯುತ್ತ ಕೂತಿದ್ದ. ಶಿವಾನಿ ತಟ್ಟೆಯಲ್ಲಿ ಆ ಎರಡು ಜೆಟ್ಟು ತಂದಿಟ್ಟಳು.

"ಇವುಕ್ಕೂ ಮಾಡಿ ಅಪ್ಪಾಜಿ."

"ಅನ್ನ ಹಾಕಿರೋ ಸಾಮಾನ್ಗೆ ಮಾತ್ರ ಪೂಜೆ ಕಣವ್ವ. ನಿನ್ ಹುಚ್ಚಾಟುಕ್ಕೆಲ್ಲ ಇಲ್ಲ, ಬುಡು," ಅಂದುಬಿಟ್ಟ.

ಅವಳು ತಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾಂತರಾಜ್ ತೇಯುವುದನ್ನು ನಿಲ್ಲಿಸಿದ. ಬಾಗಿಲ ಕಡೆ ಒಮ್ಮೆ ನೋಡಿ, ಮೂರು ಬೆರಳನ್ನು ವಿಭೂತಿಯಲ್ಲಿ ಅದ್ದಿ ಜೆಟ್ಟುಗಳಿಗೂ ಎಳೆದ. ಅಷ್ಟು ಚಿಕ್ಕ ಸಾಮಾನಿನ ಮೇಲೆ ಮೂರು ಗೆರೆ ಎಲ್ಲಿ ಮೂಡಬೇಕು, ಮುಚ್ಚಿಯೇ ಹೋಯಿತು. ಕಣ್ಣು ಮುಚ್ಚಿ, "ನಂಜುಂಡಪ್ಪ, ಕೂಸಿನ ಕೈ ಬುಡಬ್ಯಾಡ," ಅಂದ. ಓಡಲಿ ಅಂತಲೋ, ಓಡದೆ ಅವಳು ಷೋರೂಮು ಸೇರಲಿ ಅಂತಲೋ, ಅವನಿಗೇ ಗೊತ್ತಿರಲಿಲ್ಲ.

ಪೂಜೆಯ ವಿಭೂತಿಯನ್ನು ಆ ಗ್ಯಾರೇಜಿನಲ್ಲಿ ಯಾರೂ ಒರೆಸುವುದಿಲ್ಲ. ಕೆಲಸ ಮಾಡುತ್ತ ಮಾಡುತ್ತ ತಾನೇ ಅಳಿಸಿಹೋಗಬೇಕು, ಅದು ಅವನ ಅಪ್ಪನ ಕಾಲದ ನೇಮ. ವಿಜಯದಶಮಿ ಕಳೆದ ಮೇಲೆ ಜೆಟ್ಟು ಕೂರಿಸುವ ಕೆಲಸ ಅವನ ಪಾಲಿಗೇ ಬಂತು. ಅಷ್ಟು ಸಣ್ಣ ತಿರುಪಿನ ಸುತ್ತನ್ನು ಕೆಡಿಸದೆ ತಿರುಗಿಸುವ ಕೈ ಅವನದೇ. ಶಿವಾನಿ ಡಿಕ್ಕಿಯಲ್ಲಿ ಸಿಲಿಂಡರು ಬಿಗಿಯುತ್ತ ಅಲ್ಲಿಂದಲೇ ಕೂಗಿದಳು.

"ಊದಿ ನೋಡುದ್ರಾ ಅಪ್ಪಾಜಿ?"

"ನಂಗೇ ಹೇಳ್ಕೊಡ್ತೀಯಾ?" ಅಂದ.

ಮೂವತ್ತೊಂದು ವರ್ಷದಲ್ಲಿ ಒಂದು ಜೆಟ್ಟನ್ನೂ, ತೂತಿನಲ್ಲಿ ಕಸವಿದೆಯೇ ಎಂದು ಬಾಯಿಟ್ಟು ಊದದೆ ಕೂರಿಸಿದವನಲ್ಲ. ಅವತ್ತು ಮಾತ್ರ ತುಟಿಯ ಹತ್ತಿರ ತಂದು ನಿಲ್ಲಿಸಿದ. ಪೂಜೆಯಾದ ಸಾಮಾನು, ಮೇಲೆ ಶಿವನ ವಿಭೂತಿ. ಎಂಜಲು ಮಾಡುವುದು ಹೇಗೆ? ಹಾಗೇ ಕೂರಿಸಿದ.

ಶುಕ್ರವಾರ ಬೆಳಿಗ್ಗೆ ಊರಾಚೆ, ಸೈಟು ಮಾರಾಟವಾಗದೆ ಬಿದ್ದಿದ್ದ ಲೇಔಟಿನ ಟಾರು ರಸ್ತೆಗೆ ಕಾರು ಬಂತು. ಶಿವಾನಿ ಹೆಲ್ಮೆಟ್ ಹಾಕಿ ಒಳಗೆ ಕೂತಳು. ಕಾಂತರಾಜ್ ಮೋರಿಯ ಕಟ್ಟೆಯ ಮೇಲೆ ನಿಂತ. ಕಾರು ಹೊರಟಿತು, ಮೂರನೇ ಗೇರು ಬಿತ್ತು, ಅವಳು ಗ್ಯಾಸಿನ ಗುಂಡಿ ಒತ್ತಿದಳು. ಕಾರು ಬಿಟ್ಟ ಬಾಣದ ಹಾಗೆ ಹಾರಿತು. ಕಾಂತರಾಜ್ ತನಗೇ ತಿಳಿಯದೆ "ಭಲೇ!" ಅಂದ. ಅದರ ಹಿಂದೆಯೇ ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದಂಥ ಸದ್ದು ಅವನ ಕಿವಿಗೆ ಬಿತ್ತು.

"ಬುಡು ಶಿವಾನಿ! ಗುಂಡಿ ಬುಡು!"

ಯಾರಿಗೆ ಕೇಳಿಸಬೇಕು. ಹೊಗೆ ಕಕ್ಕುತ್ತ ಕಾರು ನಿಂತಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಎಳೆದುಕೊಂಡು ಬಂದು ಇಂಜಿನ್ ಬಿಚ್ಚಿದಾಗ ಎರಡನೇ ಪಿಸ್ಟನ್ನಿನ ತಲೆಯಲ್ಲಿ ಬೆರಳು ತೂರುವಷ್ಟು ತೂತು. ಶಿವಾನಿ ಅಳಲಿಲ್ಲ. ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿ ಮುಚ್ಚಿದಳು.

"ನನ್ ಲೆಕ್ಕಾನೇ ತಪ್ಪು. ಎಲ್ಲಿ ಅಂತಾನೇ ಗೊತ್ತಾಗ್ತಿಲ್ಲ. ಗೊತ್ತಾಗ್ದೆ ಇರೋಳು ಗ್ಯಾರೇಜ್ ಹೆಂಗ್ ನಡ್ಸೋದು?" ಅಂದವಳೇ ಮಾವನಿಗೆ ಫೋನು ಮಾಡಿ, ಸೋಮವಾರ ಬರುತ್ತೇನೆ ಅಂದಳು. ಹೆಂಡತಿ ಮಂಗಳಗೌರಿ ಗಂಡನ ಕಿವಿಯ ಹತ್ತಿರ ಬಂದು, "ಸದ್ಯ ಕಣ್ರೀ, ದೇವ್ರು ಕಣ್ ಬುಟ್ಟ," ಅಂದು ಅಡುಗೆಮನೆಗೆ ಹೋದಳು.

ಕಾಂತರಾಜ್ ಒಬ್ಬನೇ ಕೂತು ಜೆಟ್ಟುಗಳನ್ನು ಬಿಚ್ಚಿ ಬೆಳಕಿಗೆ ಹಿಡಿದ. ಗ್ಯಾಸಿನದು ಸ್ವಚ್ಛವಾಗಿತ್ತು, ಸಿಲಿಂಡರಿನ ಒತ್ತಡ ತಡೆದದ್ದನ್ನೆಲ್ಲ ಹಾರಿಸಿಬಿಟ್ಟಿತ್ತು. ಪೆಟ್ರೋಲಿನ ಜೆಟ್ಟಿನಲ್ಲಿ ಬೆಳಕೇ ಕಾಣಲಿಲ್ಲ. ತೂತಿನ ತುಂಬ ಬೆಳ್ಳಗೆ, ಸುಣ್ಣದ ಹಾಗೆ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು ಮೂಸಿದ. ಮೂಸಬೇಕಾಗಿಯೇ ಇರಲಿಲ್ಲ.

ಒಂದು ಸಲ ಕೆದಕಿ ಊದಿದರೆ ಮುಗಿಯಿತು. ಯಾರಿಗೂ ತಿಳಿಯುವುದಿಲ್ಲ. ಮಗಳು ತಣ್ಣನೆಯ ರೂಮಿಗೆ, ತಾನು ಮನೆಯ ಜಗಲಿಗೆ. ಬೇಕಾಗಿದ್ದೆಲ್ಲ ಬೇಕಾದ ಹಾಗೆಯೇ ಕೈಗೆ ಬಂದಿತ್ತು. ಮೈಯ ಮೂಳೆ ಮೂಳೆಯೂ ಸುಮ್ಮನಿರು ಅನ್ನುತ್ತಿತ್ತು. ಆದರೆ ಲೆಕ್ಕ ತಪ್ಪು ಅಂತ ಅವಳು ಸಾಯುವ ತನಕ ನಂಬಿಕೊಂಡಿರುತ್ತಾಳಲ್ಲ, ಅದು ಅವನಿಂದ ಆಗಲಿಲ್ಲ. ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದ.

"ನಿನ್ ಲೆಕ್ಕ ಸರ್ಯಾಗೇ ಐತೆ ಕಣವ್ವ. ಊದ್ದೆ ಕೂರ್ಸ್ದೋನು ನಾನು."

ಅವಳು ಜೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇದೇನು ಬೆಳ್ಳುಗೆ?"

"ವಿಭೂತಿ."

"ಇದುಕ್ಕೆ ಪೂಜೆ ಇಲ್ಲ ಅಂದ್ರಲ್ಲ?"

"ಅಂದೆ. ನೀನು ಒಳಕ್ಕೋದ್ಮೇಲೆ ಹಚ್ದೆ. ಎಂಜಲಾಯ್ತದೆ ಅಂತ ಊದ್ಲಿಲ್ಲ."

ಬಯ್ಯಲಿ ಅಂತ ಕಾದ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಗೋಡೆಗೊರಗಿ ಕೆಳಗೆ ಕೂತಳು. "ಎಂಟು ತಿಂಗ್ಳು ಅಪ್ಪಾಜಿ," ಅಂದಳು. ಆಗ ಅವಳ ಕಣ್ಣು ತುಂಬಿತು. ಕಾಂತರಾಜ್ ಅವಳ ಪಕ್ಕದಲ್ಲಿ ಕೂತ.

ಆಮೇಲೆ ಅವಳು ಜೆಟ್ಟನ್ನು ತುಟಿಗಿಟ್ಟು ಜೋರಾಗಿ ಊದಿದಳು. ಏನೂ ಆಗಲಿಲ್ಲ. ಕೂದಲ ಪಿನ್ನು ತೆಗೆದು ಮೊನೆಯಿಂದ ಕೆದಕಿ, ಮತ್ತೆ ಊದಿದಳು. ಚೂರು ಬೂದಿ ಹಾರಿ ಅವನ ಅಂಗಿಯ ಮೇಲೆ ಬಿತ್ತು. ಜೆಟ್ಟು ಸಣ್ಣಗೆ ಸಿಳ್ಳೆ ಹಾಕಿತು.

"ಮಾವನ್ಗೆ ನೀವೇ ಫೋನ್ ಮಾಡಿ, ಸೋಮವಾರ ಬರಲ್ಲ ಅಂತ ಹೇಳಿ," ಅಂದಳು.

ಕಾಂತರಾಜ್ ಅಂಗಿಯ ಮೇಲಿನ ಬೂದಿಯನ್ನು ಒರೆಸಲಿಲ್ಲ. ಗೋಡೆ ಹಿಡಿದು ಎದ್ದು ಫೋನು ಹುಡುಕಿದ.