ಹತ್ತಕ್ಕೆ ಏಳು

ಇಂಗ್ಲಿಷ್ ಟ್ಯೂಷನ್ ನಡೆಸಲು ಶುರುಮಾಡಿ ನನಗೆ ಇಪ್ಪತ್ತು ವರ್ಷ. ವಾರಕ್ಕೆ ಒಂದೇ ಬಗೆಯ ತಪ್ಪು ತಿದ್ದುವುದು ನನ್ನ ಪದ್ಧತಿ. ಒಂದು ವಾರ ಕ್ರಿಯಾಪದ, ಇನ್ನೊಂದು ವಾರ ಸ್ಪೆಲಿಂಗ್. ನಾನೀಗ ಹೇಳುತ್ತಿರುವ ವಾರ ನಾಮಪದಕ್ಕೆ ಮೊದಲು ಬರುವ 'ಎ', 'ಆ್ಯನ್', 'ದಿ'. ಉಳಿದದ್ದೇನೂ ನನ್ನ ಕಣ್ಣಿಗೆ ಬೀಳುವುದೇ ಇಲ್ಲ. ಹೀಗೆ ತಿದ್ದಿದರೆ ನಲವತ್ತು ನೋಟ್‌ಬುಕ್ ಒಂದು ಗಂಟೆಯಲ್ಲಿ ಮುಗಿಯುತ್ತವೆ. ಅದರ ಬಗ್ಗೆ ಜಂಭವೂ ಇತ್ತು, ಸುಳ್ಳೇಕೆ ಹೇಳಲಿ.

ನಮ್ಮ ಯಜಮಾನರು ಬಸ್ ಡ್ರೈವರ್. ಬಡ್ತಿಯ ಪರೀಕ್ಷೆಗೆ ಇಂಗ್ಲಿಷ್ ಬೇಕೆಂದು ಐವತ್ತೆರಡನೇ ವಯಸ್ಸಿನಲ್ಲಿ ನನ್ನ ಕ್ಲಾಸಿನ ಹಿಂದಿನ ಬೆಂಚಿಗೆ ಬಂದು ಕೂತರು. ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರೀತೋ ಎನ್ನುವಂಥ ಮನುಷ್ಯ. 'ನನ್ನ ಈ ವಾರ' ಎಂದು ಒಂದು ಪುಟ ಬರೆಯಲು ಎಲ್ಲರಿಗೂ ಕೊಟ್ಟೆ. ಅವರೂ ಬರೆದರು. ಬೇಕಾದ ಕಡೆ 'ಎ', 'ದಿ' ತುರುಕಿ ಹತ್ತಕ್ಕೆ ಏಳು ಹಾಕಿದೆ.

"ಗಂಡ ಅಂತ ಒಂದ್ ಮಾರ್ಕೂ ಜಾಸ್ತಿ ಕೊಟ್ಟಿಲ್ಲ ನೋಡಿ," ಎಂದು ಎಲ್ಲರೆದುರು ಕಾಲೆಳೆದೆ. ಕ್ಲಾಸೆಲ್ಲ ನಕ್ಕಿತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಅವರ ಮೊಬೈಲ್ ಹೊಡೆದುಕೊಂಡಿತು. ಅವರು ಸ್ನಾನಕ್ಕೆ ಹೋಗಿದ್ದರು, ನಾನೇ ಎತ್ತಿದೆ. ಆಸ್ಪತ್ರೆಯ ನರ್ಸ್.

"ನಾಳೆ ಬೆಳಿಗ್ಗೆ ಏಳಕ್ಕೆ ಆಪರೇಷನ್. ಏನೂ ತಿನ್ನದೆ ಬರೋಕೆ ಹೇಳಿ. ಜೊತೆಗೆ ಯಾರೂ ಬರಲ್ಲ ಅಂತ ಬರೆಸಿದ್ದಾರೆ. ಹಾಗಾಗಲ್ಲ, ಒಬ್ಬರಾದ್ರೂ ಇರ್ಲೇಬೇಕು."

ಟವೆಲ್ ಸುತ್ತಿಕೊಂಡು ಹೊರಬಂದವರನ್ನು ಅಲ್ಲೇ ತಡೆದೆ. "ಏನ್ರೀ ಇದು? ಯಾರಿಗೆ ಆಪರೇಷನ್?"

ಅವರು ನನಗಿಂತ ಹೆಚ್ಚು ಬೆಚ್ಚಿದರು. "ನಿಂಗೆ ಗೊತ್ತಲ್ಲ? ಬಾಯಲ್ಲಿ ಹೇಳೋಕೆ ಧೈರ್ಯ ಬರ್ಲಿಲ್ಲ ಅಂತ ಬರೆದು ಕೊಟ್ಟಿದ್ನಲ್ಲ."

ಓಡಿಹೋಗಿ ಅವರ ನೋಟ್‌ಬುಕ್ ತೆಗೆದೆ. ಕುತ್ತಿಗೆಯಲ್ಲಿ ಗಂಟು ಸಿಕ್ಕಿದೆ. ಡಾಕ್ಟರು ಕ್ಯಾನ್ಸರ್ ಎಂದರು. ಭಯವಾಗುತ್ತಿದೆ. ಆಪರೇಷನ್ನಿಗೆ ಹೆಂಡತಿ ಜೊತೆಗೆ ಬಂದರೆ ಸಾಕು. ಅವರ ಹರಕು ಇಂಗ್ಲಿಷಿನಲ್ಲಿ ಇಷ್ಟೂ ಇತ್ತು. 'ಡಾಕ್ಟರ್' ಪದಕ್ಕೆ ಮೊದಲು ನನ್ನ ಕೆಂಪು 'ದಿ', 'ಗಂಟು' ಪದಕ್ಕೆ ಮೊದಲು ನನ್ನ ಕೆಂಪು 'ಎ'. ತಿದ್ದಿದ್ದು ಈ ಕೈಯೇ. ಓದಿದ ನೆನಪು ಮಾತ್ರ ಒಂದಕ್ಷರದ್ದೂ ಇಲ್ಲ. ನೋಟ್‌ಬುಕ್ ಹಿಡಿದುಕೊಂಡೇ ಅವರ ಬಳಿ ವಾಪಸು ಬಂದೆ.

"ಮತ್ತೆ ಯಾಕ್ರೀ ಒಂದ್ ಮಾತೂ ಕೇಳ್ಲಿಲ್ಲ ನನ್ನ?"

"ಎಲ್ಲಾ ಓದಿ ಮಾರ್ಕೂ ಹಾಕಿದ್ದೆಯಲ್ಲ," ಎಂದರು ಅವರು, ತಲೆ ಒರೆಸಿಕೊಳ್ಳುತ್ತ. "ಬರೋಕೆ ಇಷ್ಟ ಇಲ್ವೇನೋ ಅಂದ್ಕೊಂಡೆ."